ಮಣ್ಣಿಗೆ ಹಾಕಿದ ಹೆಪ್ಪು

ಫೆಬ್ರವರಿ ೯

ಅತ್ತಿಗೆಗೆ,

ಈ ಪತ್ರದ ಜೊತೆ ಬರುವ ಪೆಟ್ಟಿಗೆಯನ್ನು ಬಿಸಿಲಿನಲ್ಲಿ ಇಡಬೇಡಿ, ಒಲೆಯ ಹತ್ತಿರವೂ ಬೇಡ. ಒಳಗೆ ನನ್ನ ಹಳೆಯ ಸ್ವೆಟರಿನಲ್ಲಿ ಸುತ್ತಿದ ಮೂರು ಬಾಟಲಿಗಳಿವೆ. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಬಿಳಿ, ಒಂದಕ್ಕೆ ನೀಲಿ ಕಟ್ಟಿದ್ದೇನೆ. ಸ್ವೆಟರ್ ನೀವೇ ಇಟ್ಟುಕೊಳ್ಳಿ, ನನಗೆ ಬಿಗಿಯಾಗಿದೆ.

ಕಳೆದ ಸಲ ಬಂದಾಗ ಹಿತ್ತಲಲ್ಲಿ ನಿಂತು ನೀವು ಕೇಳಿದ್ದು ನೆನಪಿದೆಯೇ? "ಇಷ್ಟೊಂದು ಓದಿದೀಯ, ಈ ಮಣ್ಣಲ್ಲಿ ಒಂದು ಮೂಲಂಗಿ ಬೆಳೆಸೋಕೆ ಆಗಲ್ವಾ ನಿನ್ನ ಕೈಲಿ?" ಅಂದಿರಿ. ಅವತ್ತು ನಕ್ಕು ಸುಮ್ಮನಾದೆ. ಅಣ್ಣ ಅದೇ ಜಾಗದಲ್ಲಿ ಅಷ್ಟು ವರ್ಷ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸಿದ. ಅವನು ಹೋದ, ಸೀಸ ಹೋಗಲಿಲ್ಲ. ನೀವು ಹಾಕಿದ ಸಸಿ ಬೆರಳುದ್ದ ಬೆಳೆದು ಹಳದಿ ತಿರುಗುವುದು ಅದಕ್ಕೇ.

ಬಾಟಲಿಯಲ್ಲಿರುವ ಬ್ಯಾಕ್ಟೀರಿಯಾಗಳನ್ನು ನಾವು ಹಳೆಯ ಗಣಿಯೊಂದರ ಕಸದ ಗುಡ್ಡೆಯಿಂದ ತಂದೆವು. ಅಲ್ಲಿ ಯಾರೂ ನೀರೆರೆಯದೆ ಕಳೆ ಬೆಳೆದಿತ್ತು. ಹೇಗೆ ಬದುಕಿದೆ ಎಂದು ಕಿತ್ತು ನೋಡಿದರೆ ಬೇರಿನ ತುಂಬ ಇವು. ಗಿಡ ಬೇರಿನಿಂದ ಒಂದಿಷ್ಟು ಸಕ್ಕರೆ ಕೊಡುತ್ತದೆ, ಇವು ಗಿಡಕ್ಕೆ ಸೀಸವನ್ನು ತಾಳುವ ಶಕ್ತಿ ಕೊಡುತ್ತವೆ. ಮನೆ ರಿಪೇರಿ ಮಾಡಿಕೊಡುವ ಬಾಡಿಗೆದಾರರು ಅಂದುಕೊಳ್ಳಿ.

ಮೂರು ಪಾತಿ ಮಾಡಿ. ಪ್ರತಿಯೊಂದರಲ್ಲೂ ಅರ್ಧ ಪಾಲಕ್, ಅರ್ಧ ಮೂಲಂಗಿ. ಪಾಲಕ್ ಸಸಿಯ ಬೇರನ್ನು ಬಾಟಲಿಯ ನೀರಿನಲ್ಲಿ ಅದ್ದಿ ನೆಡಿ, ಮೂಲಂಗಿಯ ಬೀಜವನ್ನು ಅದರಲ್ಲೇ ನೆನೆಸಿ ಬಿತ್ತಿ. ಪಾತಿಗೊಂದು ಕೋಲು ನೆಟ್ಟು ಆಯಾ ಬಣ್ಣದ ದಾರ ಕಟ್ಟಿ. ಮೂರರಲ್ಲಿ ಒಂದು ಬರೀ ನೀರು. ಉಳಿದೆರಡರಲ್ಲಿ ಬೇರೆ ಬೇರೆ ಜಾತಿಯವು ಇವೆ. ಯಾವುದರಲ್ಲಿ ಯಾವುದು ಎಂದು ನಾನು ಹೇಳುವುದಿಲ್ಲ. ಹೇಳಿದರೆ ನೀವು ಒಂದು ಪಾತಿಗೆ ಒಂದು ಚೊಂಬು ನೀರು ಹೆಚ್ಚು ಹಾಕುತ್ತೀರಿ. ಅಣ್ಣನ ಲೋಟಕ್ಕೆ ಮಾತ್ರ ಕೆನೆ ಬೀಳುತ್ತಿದ್ದುದನ್ನು ಕಣ್ಣಾರೆ ಕಂಡವಳು ನಾನು.

ಒಂದೇ ನಿಯಮ. ನಾನು ಬರೆಯುವವರೆಗೆ ಈ ಮೂರು ಪಾತಿಗಳ ಒಂದೆಲೆಯೂ ಯಾರ ಬಾಯಿಗೂ ಹೋಗಬಾರದು. ಮೊಮ್ಮಗಳ ಮೇಲೆ ಕಣ್ಣಿಡಿ. ಮೂರು ವರ್ಷದ ಮಗು, ಸಿಕ್ಕಿದ್ದನ್ನೆಲ್ಲ ಕಚ್ಚಿ ನೋಡುತ್ತಾಳೆ. ಇಲಿಮರಿ ಎಂದು ಹೆಸರಿಟ್ಟವರೇ ನೀವು.

ನಿಮ್ಮ ನಾದಿನಿ

*

ಫೆಬ್ರವರಿ ೨೦

ಡಾಕ್ಟರಮ್ಮನಿಗೆ,

ನೆಗಡಿಗೂ ಔಷಧಿ ಗೊತ್ತಿಲ್ಲದ ಡಾಕ್ಟರಮ್ಮ ಕಳಿಸಿದ ಪೆಟ್ಟಿಗೆ ತಲುಪಿತು. ಅಂಚೆಯವನು "ಒಳಗೇನಮ್ಮ, ಗುಳುಗುಳು ಅಂತಿದೆ?" ಎಂದು ಕೇಳಿದ. "ನಮ್ಮ ನಾದಿನಿ ಸಾಕಿದ ಹುಳ" ಅಂದೆ. ಪಾಪ, ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

ನೀನು ಹೇಳಿದಂತೆಯೇ ನೆಟ್ಟಿದ್ದೇನೆ. ಮೂರು ಪಾತಿಗೂ ಒಂದೇ ಚೊಂಬು, ಒಂದೇ ಲೆಕ್ಕ. ಕೆನೆಯ ಮಾತು ಎತ್ತಬೇಡ. ನಿನ್ನ ಅಣ್ಣ ಕೇಳಿ ಹಾಕಿಸಿಕೊಳ್ಳುತ್ತಿದ್ದರು, ನೀನು ಕೇಳುತ್ತಿರಲಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಮಾತಾಡಬಹುದಿತ್ತಲ್ಲ ಎಂದು ಮಗ ಅನ್ನುತ್ತಾನೆ. ಸೀಸದ ತಟ್ಟೆ ಬಡಿದೂ ಬಡಿದೂ ನನ್ನ ಕಿವಿ ಹೋಗಿದೆ. ಫೋನಿನಲ್ಲಿ ಅರ್ಧ ಕೇಳುತ್ತದೆ, ಉಳಿದರ್ಧ ನಾನೇ ಸೇರಿಸಿಕೊಂಡು ಜಗಳ ಆಡುತ್ತೇನೆ. ಪತ್ರವಾದರೆ ಎರಡು ಸಲ ಓದಿ ಜಗಳ ಆಡಬಹುದು.

ಸೊಸೆ ಸ್ಟೇಷನ್ನಿನ ಟಿಕೆಟ್ ಕೌಂಟರಿನಿಂದ ಮನೆಗೆ ಬಂದವಳೇ ಬಾಟಲಿ ನೋಡಿ, "ಅತ್ತೆ, ಅದನ್ನ ಅಡುಗೆಮನೇಲಿ ಮಾತ್ರ ಇಡಬೇಡಿ" ಅಂದಳು. ಆಮೇಲೆ ರೂಮಿನಲ್ಲಿ ಮಗನ ಹತ್ತಿರ ಅದೇ ಹಳೇ ಮಾತು. ಬಸ್ ಡಿಪೋ ಹತ್ತಿರ ಮನೆ ನೋಡೋಣ, ಈ ಮಣ್ಣಲ್ಲಿ ಮಗು ಆಡೋದು ಬೇಡ ಅಂತ. ನನ್ನ ಕಿವಿ ಹೋಗಿದ್ದರೂ ಇಂಥ ಮಾತು ಗೋಡೆ ದಾಟಿ ಬರುತ್ತದೆ. ಮಗ ಬಸ್ಸು ಓಡಿಸುವವನು, ನಮ್ಮಿಬ್ಬರ ನಡುವೆ ಅವನಿಗೆ ಬ್ರೇಕ್ ಹಾಕುವುದೊಂದೇ ಗೊತ್ತು.

ಅದಕ್ಕೇ ಹೇಳುತ್ತೇನೆ ಕೇಳು. ನನಗೆ ಬೇಕಿರುವುದು ಮೂಲಂಗಿಯಲ್ಲ. ಈ ಹಿತ್ತಲು ಸರಿಯಾಯಿತು ಎಂದು ನೀನು ಒಂದು ಮಾತು ಬರೆದುಕೊಡಬೇಕು, ಅದನ್ನು ಸೊಸೆಯ ಕೈಗೆ ಕೊಡಬೇಕು. ಮಗು ಈ ಮನೆ ಬಿಟ್ಟು ಹೋಗಬಾರದು. ಅಷ್ಟೇ ನನ್ನ ಆಸೆ.

ಊಟಕ್ಕೆ ಯೋಚಿಸಬೇಡ. ಅಡುಗೆಮನೆ ಬಾಗಿಲ ಪಕ್ಕ ಮರದ ಪೆಟ್ಟಿಗೆಗಳಿವೆಯಲ್ಲ, ಮಗ ಹೊರಗಿನಿಂದ ಮಣ್ಣು ತಂದು ತುಂಬಿಸಿದ್ದು, ನಾವು ತಿನ್ನುವ ಸೊಪ್ಪು ಅದರದ್ದೇ. ಈ ವರ್ಷ ಅದೂ ಸೊರಗಿದೆ. ಮೂರು ದಾರಗಳನ್ನು ಇಲಿಮರಿಯೇ ಕಟ್ಟಿದಳು. ಗಂಟು ನಾನು ಹಾಕಿದೆ.

ನಿನ್ನ ಅತ್ತಿಗೆ

*

ಮಾರ್ಚ್ ೧೨

ಅತ್ತಿಗೆಗೆ,

ಏಪ್ರಿಲ್ ಮೊದಲ ವಾರದಲ್ಲಿ ಮೂರು ಪಾತಿಗಳಿಂದಲೂ ಎಲೆ, ಬೇರು, ಒಂದು ಹಿಡಿ ಮಣ್ಣು ಕಳಿಸಬೇಕು. ಕಾಗದದ ಚೀಲದಲ್ಲಿ ಹಾಕಿ, ಪ್ಲಾಸ್ಟಿಕ್ ಬೇಡ, ಕೊಳೆಯುತ್ತದೆ. ಪ್ರತಿ ಚೀಲಕ್ಕೂ ಆಯಾ ದಾರದ ತುಂಡು ಕಟ್ಟಿ. ಯಾವ ಪಾತಿ ಚೆನ್ನಾಗಿ ಬಂದಿದೆ ಎಂದು ದಯವಿಟ್ಟು ಬರೆಯಬೇಡಿ. ನಾನೂ ತಿಳಿಯದೆಯೇ ಅಳೆಯಬೇಕು.

ಜುಲೈ ತಿಂಗಳ ಸಮ್ಮೇಳನದಲ್ಲಿ ಈ ಕೆಲಸದ ಬಗ್ಗೆ ನಾನು ಮಾತಾಡುವುದೆಂದು ನಮ್ಮ ಪ್ರೊಫೆಸರ್ ಒಪ್ಪಿದ್ದಾರೆ. ಇಲ್ಲಿ ಎಲ್ಲರೂ ಕುಂಡದಲ್ಲಿ ಗಿಡ ಬೆಳೆಸಿ ಅಳೆಯುವವರು. ನಿಜವಾದ ಹಿತ್ತಲು, ನಿಜವಾದ ಸೀಸ ನಮ್ಮದೊಂದೇ. ಅದಕ್ಕೇ ಸ್ವಲ್ಪ ಗಡಿಬಿಡಿ ಮಾಡುತ್ತಿದ್ದೇನೆ, ಬೇಸರಿಸಬೇಡಿ.

ನೀವು ಕೇಳಿದ ಒಂದು ಮಾತನ್ನು ಅಳೆಯದೆ ಬರೆಯಲಾರೆ. ಸೊಸೆಯ ಜೊತೆ ಅಲ್ಲಿಯವರೆಗೆ ಹೊಂದಿಕೊಂಡು ಹೋಗಿ.

ನಾದಿನಿ

*

ಏಪ್ರಿಲ್ ೩

ಡಾಕ್ಟರಮ್ಮನಿಗೆ,

ಚೀಲಗಳನ್ನು ಬೇರೆ ಕಳಿಸಿದ್ದೇನೆ. ಯಾವ ಪಾತಿ ಚೆನ್ನಾಗಿದೆ ಎಂದು ಬರೆಯಬೇಡ ಅಂದೆ, ಬರೆಯುವುದಿಲ್ಲ. ಆದರೆ ಒಂದು ಪಾತಿಯ ಮುಂದೆ ನಿಂತರೆ ಒಳಗೆ ಹೋಗಲು ಮನಸ್ಸು ಬರುವುದಿಲ್ಲ. ನಿನ್ನ ಅಣ್ಣ ಇದ್ದಿದ್ದರೆ ಅಲ್ಲೇ ಕುರ್ಚಿ ಹಾಕಿಸುತ್ತಿದ್ದರು. ಒಂದೆಲೆಯೂ ಯಾರ ಬಾಯಿಗೂ ಹೋಗಿಲ್ಲ. ಕೈಗೆ ಬಂದ ತುತ್ತು ಬಾಯಿಗಿಲ್ಲ ಅಂದರೆ ಇದೇ.

ಬಾಗಿಲ ಪಕ್ಕದ ಪೆಟ್ಟಿಗೆಗಳೂ ಚೇತರಿಸಿಕೊಂಡಿವೆ. ಹೇಗೆ ಅಂತ ಈಗ ಹೇಳುವುದಿಲ್ಲ, ನಿನ್ನ ಫಲಿತಾಂಶ ಬರಲಿ. ನಿನಗೆ ಮಾತ್ರ ಗುಟ್ಟು ಇರಬೇಕೆ?

ಇಲಿಮರಿಗೆ ಊಟ ಸೇರುತ್ತಿಲ್ಲ. ಹೊಟ್ಟೆ ಹಿಡಿದುಕೊಂಡು ಕೂರುತ್ತಾಳೆ. ಬಿಸಿಲಿಗೆ ಇರಬೇಕು. ಸೊಪ್ಪು ಕೊಟ್ಟರೆ ಮಾತ್ರ ತಿನ್ನುತ್ತಾಳೆ, ಅದನ್ನೇ ಕೊಡುತ್ತಿದ್ದೇನೆ.

ನಿನ್ನ ಅತ್ತಿಗೆ

*

ಏಪ್ರಿಲ್ ೨೪

ಅತ್ತಿಗೆಗೆ,

ಕೂತು ಓದಿ. ಕೈ ಒರೆಸಿಕೊಂಡು ಓದಿ.

ನಿನ್ನೆ ಅಳತೆ ಮುಗಿಯಿತು. ಇಷ್ಟು ವರ್ಷದಲ್ಲಿ ನಾನು ಇಂಥದ್ದನ್ನು ಕಂಡಿಲ್ಲ. ಈಗ ಗುಟ್ಟು ಒಡೆಯಬಹುದು. ನೀಲಿ ದಾರ ಬರೀ ನೀರು. ಬಿಳಿ ದಾರದ್ದು ಸೀಸವನ್ನು ಬೇರಿನ ಹೊರಗೇ ಕಟ್ಟಿಹಾಕುವ ಜಾತಿ, ಎಲೆಗೆ ಹೋಗಲು ಬಿಡುವುದಿಲ್ಲ. ಕೆಂಪು ದಾರದ್ದು ಅದಕ್ಕೆ ತದ್ವಿರುದ್ಧ. ಮಣ್ಣಿನ ಕಣಕ್ಕೆ ಅಂಟಿಕೊಂಡ ಸೀಸವನ್ನು ಸಡಿಲಿಸಿ ಬೇರಿಗೆ ಕೊಡುತ್ತದೆ, ಬೇರು ಅದನ್ನು ಎಲೆಗೆ ಏರಿಸುತ್ತದೆ. ಗಿಡ ಸಾಯುವುದಿಲ್ಲ, ಬದಲಿಗೆ ಸೊಕ್ಕಿ ಬೆಳೆಯುತ್ತದೆ. ನೀವು ಮುಂದೆ ನಿಂತು ನೋಡುತ್ತಿದ್ದ ಪಾತಿ ಅದೇ ಎಂದು ನನ್ನ ಊಹೆ.

ಕೆಂಪು ದಾರದ ಎಲೆಯಲ್ಲಿ ಎಷ್ಟು ಸೀಸವಿತ್ತೆಂದರೆ ಯಂತ್ರ ಕೆಟ್ಟಿದೆ ಅಂದುಕೊಂಡು ಮತ್ತೆ ಅಳೆದೆ. ಇದರ ಅರ್ಥ ಗೊತ್ತಾಯಿತೇ? ಪ್ರತಿ ಬೆಳೆಯನ್ನೂ ಬೇರುಸಹಿತ ಕಿತ್ತು ಹೊರಗೆ ಸಾಗಿಸಿದರೆ ಅದರ ಜೊತೆ ಹಿತ್ತಲಿನ ಸೀಸವೂ ಹೊರಡುತ್ತದೆ. ಅಣ್ಣ ತಂದು ಸುರಿದದ್ದನ್ನು ಸೊಪ್ಪು ಎತ್ತಿ ಹೊರಗೆ ಹಾಕುತ್ತದೆ. ಪ್ರೊಫೆಸರ್ ನನ್ನ ಕೈ ಕುಲುಕಿದರು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ.

ಕೆಂಪು ಪಾತಿಯ ಗಿಡಗಳನ್ನು ಕೈಗವಸು ಹಾಕಿಕೊಂಡು ಕಿತ್ತು ಚೀಲದಲ್ಲಿ ಕಟ್ಟಿಡಿ. ಹೇಗೂ ಯಾರೂ ಮುಟ್ಟಿಲ್ಲ, ಗಾಬರಿಯೇನಿಲ್ಲ.

ನಿಮ್ಮ ನಾದಿನಿ

*

ಏಪ್ರಿಲ್ ೨೫

ಡಾಕ್ಟರಮ್ಮನಿಗೆ,

ನಿನ್ನ ಫಲಿತಾಂಶಕ್ಕೆ ಕಾದೂ ಕಾದೂ ಸಾಕಾಯಿತು. ನನ್ನ ಗುಟ್ಟು ನಾನೇ ಹೇಳುತ್ತೇನೆ.

ನಿನ್ನ ಬಾಟಲಿ ಒಂದೇ ಸಲಕ್ಕೆ ಮುಗಿದುಹೋಗುತ್ತದೆ, ಆಮೇಲೆ ಮತ್ತೆ ನಿನಗೆ ಬರೆಯಬೇಕು, ನೀನು ಸ್ವೆಟರ್ ಹುಡುಕಬೇಕು. ಜೀವ ಇರುವ ವಸ್ತು ಅಂದರೆ ಅದನ್ನು ಬೆಳೆಸಿಕೊಳ್ಳುವುದು ನನಗೆ ಗೊತ್ತಿಲ್ಲವೇ? ಇವತ್ತಿನ ಮೊಸರಿನಿಂದ ಒಂದು ಚಮಚ ತೆಗೆದಿಟ್ಟರೆ ನಾಳೆಗೂ ಮೊಸರು. ಈ ಮನೆಗೆ ನಾನು ತಂದ ಹೆಪ್ಪು ಇವತ್ತಿಗೂ ಮುರಿದಿಲ್ಲ. ಮಾರ್ಚ್ ಶುರುವಿನಲ್ಲೇ ಕೆಂಪು ದಾರದ ಪಾತಿ ಕೈಮೀರಿ ಬೆಳೆಯುತ್ತಿತ್ತು. ಬೇರಿನ ಸುತ್ತಲಿನ ಮಣ್ಣನ್ನು ಒಂದು ಬಟ್ಟಲು ತೆಗೆದೆ, ಬೆಲ್ಲದ ನೀರಿನಲ್ಲಿ ಕಲಸಿ ಎರಡು ದಿನ ಮುಚ್ಚಿಟ್ಟೆ, ಅಡುಗೆಮನೆ ಬಾಗಿಲ ಪೆಟ್ಟಿಗೆಗಳಿಗೆ ಹಂಚಿದೆ. ಆಮೇಲೂ ವಾರಕ್ಕೊಮ್ಮೆ ಒಂದೊಂದು ಬಟ್ಟಲು.

ಈಗ ಬಂದು ನೋಡು. ಸೊರಗಿ ಕೂತಿದ್ದ ಪಾಲಕ್ ಅಂಗೈ ಅಗಲ ಆಗಿದೆ. ಇಲಿಮರಿ ತೊಳೆಯಲೂ ಬಿಡುವುದಿಲ್ಲ, ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಹಾಗೇ ಕಿತ್ತು ತಿನ್ನುತ್ತಾಳೆ. ಎದುರು ಮನೆಯ ದರ್ಜಿ ಅಮ್ಮನೂ ನೋಡಿ ಒಂದು ಬಟ್ಟಲು ಒಯ್ದಳು. ಹೆಪ್ಪು ಕೇಳಿದವರಿಗೆ ಇಲ್ಲ ಅಂದು ನನಗೆ ಅಭ್ಯಾಸವಿಲ್ಲ.

ನಿಯಮ ಮುರಿದೆ ಅನ್ನಬೇಡ. ಮೂರು ಪಾತಿಗಳದ್ದು ತಿನ್ನಬೇಡಿ ಅಂದೆ, ತಿಂದಿಲ್ಲ. ಪೆಟ್ಟಿಗೆಯದ್ದು ಒಳ್ಳೇ ಮಣ್ಣು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಮ್ಮ ಹಿತ್ತಲ ಗಿಡ ಮದ್ದೇ ಆಯಿತು ನೋಡು.

ನಿನ್ನ ಅತ್ತಿಗೆ

*

ಮೇ ೧

ಅತ್ತಿಗೆ,

ನಿಮ್ಮ ಪತ್ರ ಈಗ ಕೈಗೆ ಬಂತು. ಆ ಪೆಟ್ಟಿಗೆಗಳ ಸೊಪ್ಪನ್ನು ಮಗುವಿಗೆ ಕೊಡಬೇಡಿ. ಒಂದೆಲೆಯೂ ಬೇಡ. ಬಾಟಲಿಯದ್ದಾಗಿದ್ದರೆ ಬರೀ ಬ್ಯಾಕ್ಟೀರಿಯಾ ಹೋಗುತ್ತಿತ್ತು. ನೀವು ಹಾಕಿದ್ದು ಹಿತ್ತಲಿನ ಮಣ್ಣು, ಅದರಲ್ಲಿ ಸೀಸ ಇದೆ. ಜೊತೆಗೆ ಆ ಸೀಸವನ್ನು ಎಲೆಗೆ ಏರಿಸುವ ಜಾತಿಯೂ ಇದೆ. ಎರಡನ್ನೂ ಕಲಸಿ ಮಗು ತಿನ್ನುವ ಸೊಪ್ಪಿಗೆ ಹಾಕಿದ್ದೀರಿ.

ಹೊಟ್ಟೆ ಹಿಡಿದುಕೊಂಡು ಕೂರುತ್ತಾಳೆ ಎಂದು ಏಪ್ರಿಲ್‌ನಲ್ಲೇ ಬರೆದಿದ್ದಿರಿ. ನಾನು ಆ ಸಾಲನ್ನು ಓದಿ ಮುಂದಕ್ಕೆ ಹೋದೆ. ನನಗೆ ಎಲೆಗಳ ಚೀಲ ಬೇಕಿತ್ತು.

ಪತ್ರಕ್ಕೆ ಕಾಯಲು ಆಗುವುದಿಲ್ಲ. ನಿಮ್ಮ ಮಗನಿಗೆ ಫೋನ್ ಮಾಡುತ್ತಿದ್ದೇನೆ.

*

ಮೇ ೨

ನಾದಿನಿಗೆ,

ನಿನ್ನೆ ಸಂಜೆ ಮಗ ಡ್ಯೂಟಿ ಅರ್ಧಕ್ಕೆ ಬಿಟ್ಟು ಬಂದ. ಚಪ್ಪಲಿಯನ್ನೂ ಬಿಡಲಿಲ್ಲ. ನೇರ ಅಡುಗೆಮನೆ ಬಾಗಿಲಿಗೆ ಹೋಗಿ ಪೆಟ್ಟಿಗೆಗಳನ್ನು ಒಂದೊಂದಾಗಿ ಗೋಣಿಚೀಲಕ್ಕೆ ಸುರಿದ. ನಾನು ಕೈ ಹಿಡಿದರೆ ಕೊಸರಿಕೊಂಡ. ನಲವತ್ತು ಜನರನ್ನು ಕೂರಿಸಿಕೊಂಡು ಹಳ್ಳ ದಿಣ್ಣೆ ನೋಡಿ ಓಡಿಸುವವನು ತಾಯಿಯ ಕೈ ಕೊಸರಿಕೊಂಡ. "ಏನೋ ಆಯ್ತು?" ಅಂದೆ. "ಡಾಕ್ಟರ್ ಅತ್ತೆ ಫೋನ್ ಮಾಡಿದ್ರು. ಮಗೂಗೆ ಇನ್ಮೇಲೆ ನೀನು ಏನೂ ಕೊಡಬೇಡ" ಎಂದಷ್ಟೇ ಕೇಳಿಸಿತು. ಉಳಿದದ್ದು ನನ್ನ ಕಿವಿಗೆ ಸಿಗಲಿಲ್ಲ, ಅವನೂ ಎರಡನೇ ಸಲ ಹೇಳಲಿಲ್ಲ. ಸೊಸೆ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ನಿನಗೆ ನನ್ನ ಮೇಲೆ ಏನಿತ್ತು? ನಾನೇನು ನಿನ್ನ ಕೂಸನ್ನು ಕಿತ್ತುಕೊಂಡೆನೇ? ನಿಯಮ ಮುರಿದೆ ಎಂದು ಸಿಟ್ಟಿದ್ದರೆ ನನಗೆ ಬರೆಯಬೇಕಿತ್ತು. ಮಗನ ಕಿವಿಗೆ ಊದಿದೆಯಲ್ಲ. ನಾನು ಈ ಮನೆಗೆ ಕಾಲಿಟ್ಟಾಗ ನಿನಗೆ ಹನ್ನೊಂದು ವರ್ಷ. ನಿನ್ನ ಜಡೆ ಹೆಣೆದು ಶಾಲೆಗೆ ಕಳಿಸಿದ ಕೈ ಇದು. ಆ ಕೈಯಿಂದ ಮಗು ತಿನ್ನಬಾರದು ಎಂದು ಅವನಿಗೆ ಹೇಳಲು ನಿನಗೆ ನಾಲಿಗೆ ಹೇಗೆ ಬಂತು?

ಮೇ ೪

ಮೇಲಿನದನ್ನು ಬರೆದು ಲಕೋಟೆಗೆ ಹಾಕಿಟ್ಟಿದ್ದೆ. ಇವತ್ತು ಅಂಚೆಯವನು ಬಂದ. ಒಂದು ವಾರ ರಜೆ ಹಾಕಿದ್ದನಂತೆ, ನಿನ್ನ ಎರಡು ಪತ್ರಗಳನ್ನು ಒಟ್ಟಿಗೆ ಕೊಟ್ಟ. ಮೊದಲು ಏಪ್ರಿಲ್ ೨೪ರದನ್ನು ಒಡೆದೆ. ಕೂತು ಓದಿ ಅಂದಿದ್ದೆ, ಕೂತೇ ಓದಿದೆ. ನೀನು ಬಸ್ಸಿನಲ್ಲಿ ನಗುತ್ತಿದ್ದೆ ಅನ್ನುವಲ್ಲಿವರೆಗೆ ಓದಿ ಎದ್ದು ಹೋಗಿ ಕೈ ತೊಳೆದೆ. ಆಮೇಲೆ ಮತ್ತೆ ತೊಳೆದೆ.

ಹರಿದು ಹಾಕಬೇಕು ಅನ್ನಿಸಿತು, ಆದರೆ ಮೇಲಿನದ್ದನ್ನೂ ಹಾಗೇ ಕಳಿಸುತ್ತಿದ್ದೇನೆ. ಬೈದದ್ದು ಬೈದದ್ದೇ. ನಾಳೆ ಮಗುವಿನ ರಕ್ತ ತೆಗೆಯುತ್ತಾರೆ.

*

ಮೇ ೧೨

ಅತ್ತಿಗೆಗೆ,

"ತಿನ್ನಬೇಡಿ ಅಂದಿದ್ದೆನಲ್ಲ" ಎಂದು ಶುರುಮಾಡಿ ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಹರಿದೆ. ಆ ಮಾತು ನಿಜ, ಆದರೆ ಅದರಿಂದ ಯಾರಿಗೂ ಏನೂ ಉಪಯೋಗವಿಲ್ಲ.

ಕೆಂಪು ದಾರ ಏನು ಎಂದು ಮೊದಲೇ ಹೇಳಿದ್ದರೆ ನೀವು ಅದನ್ನು ಮುಟ್ಟುತ್ತಿರಲಿಲ್ಲ. ಹೇಳದಿರುವುದು ನಮ್ಮ ಕೆಲಸದ ಪದ್ಧತಿ. ಕುಂಡದಲ್ಲಿ ಬೆಳೆಸುವವರಿಗೆ ಅದು ಸರಿ. ಮಗು ಓಡಾಡುವ ಹಿತ್ತಲಿಗೆ ಅದನ್ನೇ ತಂದಿದ್ದು ನನ್ನ ತಪ್ಪು. ಮಣ್ಣನ್ನು ಯಾರಾದರೂ ಹೆಪ್ಪಿನ ಹಾಗೆ ಎತ್ತಿಕೊಂಡಾರು ಎಂದು ನನಗೆ ಹೊಳೆಯಲೇ ಇಲ್ಲ. ನಾನು ಹಾಲಿಗೆ ಹೆಪ್ಪು ಹಾಕಿದವಳೇ ಅಲ್ಲ, ಅಂಗಡಿಯ ಡಬ್ಬಿಯ ಮೊಸರು ತಿನ್ನುವವಳು.

ರಕ್ತದ ಫಲಿತಾಂಶ ಏನಾಯಿತು? ನಿಮ್ಮ ಮಗ ಫೋನ್ ಎತ್ತುತ್ತಿಲ್ಲ.

ಒಂದು ಸಮಾಧಾನದ ಸುದ್ದಿ ಇದೆ, ಅದನ್ನಾದರೂ ಕೇಳಿ. ಬಿಳಿ ದಾರದ ಎಲೆಯಲ್ಲಿ ಸೀಸ ಮಿತಿಯೊಳಗೆ ಇದೆ. ಇಂಥ ಮಣ್ಣಿನಲ್ಲೂ ತಿನ್ನಲು ಯೋಗ್ಯವಾದ ಸೊಪ್ಪು ಬೆಳೆಯಬಹುದು ಎಂದು ನಮ್ಮ ಪ್ರಬಂಧದಲ್ಲಿ ಬರೆದಿದ್ದೇವೆ. ನೀವು ಫೆಬ್ರವರಿಯಲ್ಲಿ ಕೇಳಿದ ಮಾತು ಇದೇ ಅಲ್ಲವೇ? ಸೊಸೆ ಮನೆ ಬಿಡುವ ಮಾತು ಎತ್ತಿದರೆ ಈ ಸಾಲು ತೋರಿಸಿ.

ನಾದಿನಿ

*

ಮೇ ೨೩

ಅತ್ತಿಗೆ,

ಬೈಯಲಿಕ್ಕಾದರೂ ಬರೆಯಿರಿ. ಮಗು ಹೇಗಿದೆ? ಒಂದು ಸಾಲು ಸಾಕು. ಲ್ಯಾಬಿನಲ್ಲಿ ಬಾಗಿಲು ತೆರೆದಾಗಲೆಲ್ಲ ಅಂಚೆ ಬಂತೇನೋ ಎಂದು ತಿರುಗಿ ನೋಡುತ್ತೇನೆ.

*

ಜೂನ್ ೬

ನಾದಿನಿಗೆ,

ಬರೆಯದಿದ್ದದ್ದು ಸಿಟ್ಟಿನಿಂದಲ್ಲ. ಏನೆಂದು ಬರೆಯಲಿ ಅಂತ ತಿಳಿಯಲಿಲ್ಲ.

ಇಲಿಮರಿಯ ರಕ್ತದಲ್ಲಿ ಸೀಸ ಬಹಳ ಇದೆ. ಇಂತಿಷ್ಟು ದಾಟಿದರೆ ಆಸ್ಪತ್ರೆಯಲ್ಲಿಟ್ಟು ಔಷಧಿ ಕೊಡಬೇಕಾಗುತ್ತದಂತೆ, ಅದರ ಅಂಚಿನವರೆಗೆ ಹೋಗಿ ನಿಂತಿದೆ. ಮಕ್ಕಳ ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು, ನನ್ನ ಕಿವಿಯ ಕಥೆ ಗೊತ್ತಾಗಿ. ಇಷ್ಟೆಲ್ಲ ಸೊಪ್ಪಿನಿಂದಲೇ ಬಂದದ್ದಲ್ಲವಂತೆ. ಹಿತ್ತಲಿನ ಧೂಳು, ಮಗುವಿನ ಬೆರಳು, ಮೊದಲಿನಿಂದಲೂ ಸ್ವಲ್ಪ ಸ್ವಲ್ಪ ಸೇರುತ್ತಿತ್ತು. ನನ್ನ ಹೆಪ್ಪು ಅದನ್ನು ಏರಿಸಿತು. "ಮೊದಲು ಮಗು ಆ ಮನೇಲಿ ಇರಬಾರದು. ಮಿಕ್ಕಿದ್ದು ಆಮೇಲೆ" ಅಂದರು. ನನ್ನ ರಕ್ತವನ್ನೂ ನೋಡಿದರು. ನನ್ನದು ಅವಳಿಗಿಂತ ಹೆಚ್ಚು. ನನ್ನದು ಹಳೇ ಸೀಸ, ನನ್ನ ಜೊತೆಗೇ ಹೋಗುತ್ತದೆ. ಅವಳದ್ದು ಹಾಗಲ್ಲ. ಮಾತು ಕಲಿಯುವ ವಯಸ್ಸು, ತಲೆಗೆ ಏರಿದರೆ ಓದು ಬರಹಕ್ಕೆ ಪೆಟ್ಟು ಬೀಳಬಹುದಂತೆ. ಬೀಳದೆಯೂ ಇರಬಹುದಂತೆ. ಈಗಲೇ ಹೇಳುವವರು ಯಾರೂ ಇಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದಿತು ಅನ್ನುತ್ತಾರೆ. ನಾನು ಇಷ್ಟು ದಿನ ಆ ಮಾತನ್ನು ಬೇರೆಯವರ ಬಗ್ಗೆ ಆಡುತ್ತಿದ್ದೆ.

ಅವರು ಮೂವರೂ ಡಿಪೋ ಹತ್ತಿರ ಮನೆ ಮಾಡಿ ಹೋದರು. ಸೊಸೆ ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ಜಗಳ ಆಡಿ ಹಗುರವಾಗುತ್ತಿದ್ದೆ. ಗಾಡಿಗೆ ಸಾಮಾನು ಏರಿಸಿ ಮುಗಿದ ಮೇಲೆ ವಾಪಸು ಬಂದು, "ನೀವೂ ಬನ್ನಿ ಅತ್ತೆ" ಅಂದಳು. ನನ್ನ ಸೀರೆಯ ಸೆರಗಿನಲ್ಲಿ, ಉಗುರಿನ ಸಂದಿಯಲ್ಲಿ ಈ ಮಣ್ಣು ಇದೆ. ಅದನ್ನು ಅವಳ ಹೊಸ ಮನೆಗೆ ಹೊತ್ತುಕೊಂಡು ಹೋಗಲೇ? ಬರುವುದಿಲ್ಲ ಅಂದೆ.

ದರ್ಜಿ ಅಮ್ಮನ ಮನೆಗೂ ಹೋದೆ. ಬಾಗಿಲು ತಟ್ಟಿದೆ. ಎಲ್ಲ ಹೇಳಿದೆ. ಅವಳು ಹೊಲಿಗೆ ಮಿಷನ್ನಿನ ಹಿಂದಿನಿಂದ ನನ್ನ ಬಟ್ಟಲನ್ನು ಹಾಗೇ ಎತ್ತಿ ತಂದಳು. "ಬೇಜಾರು ಮಾಡ್ಕೋಬೇಡಿ ಅಕ್ಕ. ನೀವು ಅಷ್ಟು ಪ್ರೀತಿಯಿಂದ ಕೊಟ್ರಿ, ವಾಸನೆ ತಡೆಯೋಕಾಗ್ಲಿಲ್ಲ, ಹಾಕಲೇ ಇಲ್ಲ" ಅಂದಳು. ನನ್ನ ಮಾತಿಗೆ ಈ ಬೀದಿಯಲ್ಲಿ ಅಷ್ಟೇ ಬೆಲೆ ಎಂದು ಗೊತ್ತಾಗಿ ನನಗೆ ಹಿಂದೆಂದೂ ಇಷ್ಟು ಸಂತೋಷವಾಗಿರಲಿಲ್ಲ. ಬಟ್ಟಲು ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟೆ.

ಈಗ ನಿನ್ನ ಬಿಳಿ ದಾರದ ಮಾತು. ನಾನು ಕೇಳಿದ್ದನ್ನು ಕೊನೆಗೂ ನೀನು ಬರೆದುಕೊಟ್ಟೆ. ಸೊಸೆಗೆ ತೋರಿಸಲಿಲ್ಲ. ತೋರಿಸುವ ಮೊದಲು ನಿನ್ನನ್ನು ಒಂದು ಪ್ರಶ್ನೆ ಕೇಳಬೇಕು. ಮಿತಿ ಗಿತಿ ನನಗೆ ಗೊತ್ತಿಲ್ಲ. ಇಲಿಮರಿ ನಿನ್ನ ತೊಡೆಯ ಮೇಲೆ ಕೂತು ಬಾಯಿ ತೆರೆದರೆ, ಬಿಳಿ ದಾರದ ಎಲೆಯನ್ನು ನೀನು ಅವಳ ಬಾಯಿಗೆ ಇಡುತ್ತೀಯ?

ಹೌದು ಅಥವಾ ಇಲ್ಲ ಅಂತ ಬರೆ. ಉದ್ದ ಬರೆಯಬೇಡ.

ಅತ್ತಿಗೆ

*

ಜೂನ್ ೧೫

ಅತ್ತಿಗೆಗೆ,

ಇಲ್ಲ.

ಉದ್ದ ಬರೆಯಬೇಡ ಅಂದಿರಿ, ಆದರೂ ಬರೆಯುತ್ತೇನೆ. ನಿಮ್ಮ ಪತ್ರವನ್ನು ಓದಿದ ಮೇಲೆ ನಮ್ಮ ಪ್ರಬಂಧ ತೆಗೆದು ಆ ಸಾಲನ್ನು ನೋಡಿದೆ. ಮಿತಿ ಎಂದರೆ ದೊಡ್ಡವರು ಬೇರೆ ಬೇರೆ ಊಟದ ಜೊತೆ ಆಗೊಮ್ಮೆ ಈಗೊಮ್ಮೆ ತಿನ್ನುವುದಕ್ಕೆ ಇಟ್ಟ ಲೆಕ್ಕ. ದಿನಾ ಅದನ್ನೇ ಕಿತ್ತು ತಿನ್ನುವ ಮೂರು ವರ್ಷದ ಮಗುವಿಗೆ ಇಟ್ಟದ್ದಲ್ಲ. ಅದೂ ಒಂದು ಹಿತ್ತಲು, ಒಂದು ಬೆಳೆ. ಮಳೆಗಾಲದಲ್ಲಿ ಆ ಜಾತಿ ಹೇಗೆ ನಡೆದುಕೊಳ್ಳುತ್ತದೋ ನನಗೇ ಗೊತ್ತಿಲ್ಲ. ಇದೆಲ್ಲ ಮೇ ತಿಂಗಳಲ್ಲೂ ನನಗೆ ಗೊತ್ತಿತ್ತು. ನಿಮ್ಮನ್ನು ಸಮಾಧಾನ ಮಾಡಬೇಕು ಎಂಬ ಆತುರದಲ್ಲಿ ಬರೆದುಬಿಟ್ಟೆ. ನನ್ನನ್ನೇ ಸಮಾಧಾನ ಮಾಡಿಕೊಂಡೆ ಅನ್ನುವುದು ಇನ್ನೂ ಸರಿ.

ಆ ಸಾಲು ತೆಗೆಯಬೇಕು ಎಂದು ಪ್ರೊಫೆಸರಿಗೆ ಹೇಳಿದೆ. "ಅಂಕಿ ಮಿತಿಯೊಳಗೇ ಇದೆಯಲ್ಲ, ತೆಗೆಯೋಕೆ ಏನು ಕಾರಣ?" ಅಂದರು. "ಕಾರಣಕ್ಕೆ ಮೂರು ವರ್ಷ ಸರ್" ಅಂದೆ. ಅವರಿಗೆ ಅರ್ಥವಾಗಲಿಲ್ಲ, ಬಿಡಿಸಿ ಹೇಳಿದೆ. ತಾವೇ ಪೆನ್ನೆತ್ತಿ ಗೆರೆ ಎಳೆದರು. ಸಾಲು ಹೋಯಿತು. ಸಮ್ಮೇಳನದಲ್ಲಿ ಮಾತಾಡುವವರೂ ಈಗ ಬೇರೆಯವರು. ಅದು ಇರಲಿ.

ಕೆಂಪು ದಾರದ್ದು ಮಾತ್ರ ನಿಜ, ಅತ್ತಿಗೆ. ಅದು ಸೀಸವನ್ನು ಎತ್ತುತ್ತದೆ. ಆದರೆ ಒಂದೆರಡು ಬೆಳೆಯಲ್ಲಿ ಮುಗಿಯುವ ಕೆಲಸವಲ್ಲ. ಹತ್ತು ವರ್ಷ ಹಿಡಿಯಬಹುದು, ಹೆಚ್ಚೂ ಆಗಬಹುದು. ಆ ಸಂತೋಷದ ಪತ್ರದಲ್ಲಿ ನಾನು ಇದನ್ನು ಬರೆದಿರಲಿಲ್ಲ. ನೀವು ಮುಂದುವರಿಸಬೇಕಿಲ್ಲ. ಬಾಗಿಲು ಹಾಕಿ ಮಗನ ಮನೆಗೆ ಹೋದರೆ ಯಾರೂ ನಿಮ್ಮನ್ನು ಏನೂ ಅನ್ನುವುದಿಲ್ಲ. ಮುಂದುವರಿಸುವುದಾದರೆ ಗಿಡವನ್ನು ಬೇರುಸಹಿತ ಕಿತ್ತು ಚೀಲದಲ್ಲಿ ಕಟ್ಟಿ ನನಗೆ ಕಳಿಸಬೇಕು. ಸುಡಬೇಡಿ, ಹೊಗೆಯಲ್ಲೂ ಸೀಸ ಹೋಗುತ್ತದೆ. ಗೊಬ್ಬರದ ಗುಂಡಿಗೂ ಬೇಡ. ಉಳಿದ ನೆಲಕ್ಕೆ ಒಣಹುಲ್ಲು ಹೊದಿಸಿ, ಧೂಳು ಏಳಬಾರದು. ಕೈಗವಸು, ಕೆಂಪು ದಾರದ ಹೊಸ ಬಾಟಲಿ ಇರುವ ಪೆಟ್ಟಿಗೆ ಕಳಿಸುತ್ತಿದ್ದೇನೆ. ಮೂಗಿಗೆ ಕಟ್ಟಿಕೊಳ್ಳುವುದೂ ಅದರಲ್ಲಿದೆ, ಕಟ್ಟಿಕೊಳ್ಳಿ.

ಆಗಸ್ಟ್ ಕೊನೆಗೆ ನಾನೇ ಬರುತ್ತೇನೆ. ಬೇಡ ಅಂದರೂ ಬರುತ್ತೇನೆ.

ನಿಮ್ಮ ನಾದಿನಿ

*

ಆಗಸ್ಟ್ ೧೭

ಡಾಕ್ಟರಮ್ಮನಿಗೆ,

ನೀನು ಇಲ್ಲ ಎಂದು ಬರೆದ ಪತ್ರವನ್ನು ಸೊಸೆಗೆ ತೋರಿಸಿದೆ. ಹಿತ್ತಲು ಸರಿಯಿದೆ ಎಂಬ ಕಾಗದ ಅವಳ ಕೈಗೆ ಕೊಡಬೇಕೆಂದು ಎಷ್ಟು ಆಸೆಪಟ್ಟಿದ್ದೆ. ಕೊನೆಗೆ ಸರಿಯಿಲ್ಲ ಎಂಬ ಕಾಗದವನ್ನೇ ಕೊಟ್ಟೆ. ಅವಳು ಓದಿ, ಮಡಚಿ, ತನ್ನ ಚೀಲದಲ್ಲಿ ಇಟ್ಟುಕೊಂಡಳು. ಆ ದಿನದಿಂದ ನನ್ನ ಜೊತೆ ಮೊದಲಿನ ಹಾಗೆ ಮಾತಾಡುತ್ತಾಳೆ.

ಮಗುವಿನ ರಕ್ತ ಮತ್ತೆ ನೋಡಿದರು. ಇಳಿದಿದೆ. ಪೂರ್ತಿ ಅಲ್ಲ, ಆದರೆ ಇಳಿಯುವ ದಾರಿ ಹಿಡಿದಿದೆ ಅಂದರು. ಊಟ ಮಾಡುತ್ತಾಳೆ. ಭಾನುವಾರ ನಾನು ಸ್ನಾನ ಮಾಡಿ, ತಲೆ ತೊಳೆದು, ಹಿತ್ತಲಿಗೆ ಕಾಲಿಡದೆ, ಒಗೆದ ಸೀರೆ ಉಟ್ಟು ಅವರ ಮನೆಗೆ ಹೋಗುತ್ತೇನೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಮತ್ತೆ ಕೈ ತೊಳೆಯುತ್ತೇನೆ. ಆಮೇಲೆ ಅವಳನ್ನು ಎತ್ತಿಕೊಳ್ಳುತ್ತೇನೆ.

ಹಿತ್ತಲಿನಲ್ಲಿ ಈಗ ಮೂರು ಪಾತಿಯಿಲ್ಲ. ಎಲ್ಲವೂ ಕೆಂಪು ದಾರದ್ದೇ. ಮೂಗಿಗೆ ಕಟ್ಟಿಕೊಂಡೇ ಕೆಲಸ ಮಾಡುತ್ತೇನೆ, ದರ್ಜಿ ಅಮ್ಮ ನನ್ನನ್ನು ನೋಡಿ ಕಳ್ಳಿ ಅನ್ನುತ್ತಾಳೆ. ಕಿತ್ತ ಗಿಡದ ಚೀಲಗಳು ಬಾಗಿಲಲ್ಲಿವೆ, ಬಂದಾಗ ಒಯ್ಯಿ. ಹತ್ತು ವರ್ಷ ಅಂದೆ. ಅಷ್ಟು ವರ್ಷ ನಾನು ಇರುತ್ತೇನೋ ಇಲ್ಲವೋ, ಇರುವವರೆಗೆ ಕೀಳುತ್ತೇನೆ. ನಿನ್ನ ಅಣ್ಣ ಮತ್ತು ನಾನು ಇಬ್ಬರೂ ಸೇರಿ ಸುರಿದದ್ದು ಅದು. ನಾನೂ ಸುತ್ತಿಗೆ ಹಿಡಿದಿದ್ದೆ.

ನಿನ್ನೆ ಮಗ ಬಸ್ಸು ನಿಲ್ಲಿಸಿ ಮನೆಗೆ ಹೋಗುವಾಗ ಈ ಬೀದಿಯಿಂದ ಹಾದ. ಇಲಿಮರಿ ಜೊತೆಗಿದ್ದಳು. ಅವನು ಹಿತ್ತಲ ಗೇಟಿನ ಹೊರಗಡೆಯೇ ನಿಂತು ಮಾತಾಡುತ್ತಿದ್ದ, ನಾನು ಒಳಗಿನಿಂದ. ಅಷ್ಟರಲ್ಲಿ ಅವಳು ಗೇಟಿನ ಸರಳುಗಳ ನಡುವೆ ಕೈ ತೂರಿಸಿ ಹತ್ತಿರದ ಎಲೆಯೊಂದನ್ನು ಹಿಡಿದಿದ್ದಳು. ಪಾಲಕ್ ಅಲ್ಲಿವರೆಗೆ ಬೆಳೆದಿದೆ. ನಾನು ಅವಳ ಕೈಯ ಮೇಲೆ ಹೊಡೆದೆ. ಹುಟ್ಟಿದಾಗಿನಿಂದ ಹೊಡೆದವಳಲ್ಲ. ಅವಳು ನನ್ನ ಮುಖ ನೋಡಿದಳು, ಆಮೇಲೆ ಕೈ ನೋಡಿಕೊಂಡಳು, ಆಮೇಲೆ ಅತ್ತಳು. "ಅಜ್ಜಿ, ಎತ್ಕೋ" ಎಂದು ಎರಡೂ ಕೈ ಚಾಚಿದಳು. ಮಗ ನನ್ನನ್ನೇ ನೋಡುತ್ತಿದ್ದ. ನನ್ನ ಕೈಯಲ್ಲಿ ಆಗಷ್ಟೇ ಕಿತ್ತ ಗಿಡದ ಮಣ್ಣಿತ್ತು.

ನಾನು ಗೇಟು ತೆರೆಯಲಿಲ್ಲ.

ಕೆಂಪು ದಾರದ ಬಾಟಲಿ ಖಾಲಿಯಾಗಿದೆ. ಬರುವಾಗ ಎರಡು ತಾ.

ನಿನ್ನ ಅತ್ತಿಗೆ